ರಾಯಚೂರು ಬಿಸಿಲಲ್ಲಿ ದಿನಾ ಮುಖಕ್ಕೆ ಏನು ಹಚ್ಚಿಕೊಂಡು ಹೋಗಬೇಕು?

ರಾಯಚೂರಿನಲ್ಲಿ ಕೆಲಸ, ದಿನಾ ಸ್ಕೂಟಿಯಲ್ಲಿ ಓಡಾಟ, ಎಣ್ಣೆ ಚರ್ಮ, ಮೈಬಣ್ಣ ಕಪ್ಪು ಅಂತ ಬರೆದಿದ್ದೀರಿ. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನಕ್ಕೆ ಬೂದಿ ಬಳಿದಂತೆ ಕಾಣುತ್ತದೆ, ಕಾಡಿಗೆ ಕಣ್ಣ ಕೆಳಗೆ ಇಳಿಯುತ್ತದೆ, ಮೇಕಪ್ ಮಾಡುವವರು ತಾವು ಏನು ಹಚ್ಚಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡುತ್ತೇನೆ, ನಿಮ್ಮೂರ ಮದುವೆಗಳಿಗೂ ಬರುತ್ತಿರುತ್ತೇನೆ. ಬಿಸಿಲು ಎರಡೂ ಕಡೆ ಒಂದೇ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಬೆಂಗಳೂರಿನವರ ವಿಡಿಯೋ ನೋಡಿ ಮಾಡಿಕೊಂಡ ಮೇಕಪ್ ಇಲ್ಲಿ ನಿಲ್ಲುವುದಿಲ್ಲ.

ಮೊದಲು ಆ ಬೂದಿ ಬಣ್ಣದ ವಿಷಯ. ನೀವು ನಿಮ್ಮ ಬಣ್ಣಕ್ಕಿಂತ ಒಂದೆರಡು ಶೇಡ್ ಬಿಳಿ ಇರುವ ಫೌಂಡೇಶನ್, ಅಂದರೆ ಮುಖದ ಬಣ್ಣ ಒಂದೇ ಸಮ ಮಾಡುವ ಕ್ರೀಮ್, ತಂದಿದ್ದೀರಿ ಅನಿಸುತ್ತದೆ. ಅಂಗಡಿಯಲ್ಲಿ ಕೊಡುವುದೇ ಹಾಗೆ. ಕೇಳುವ ಮೊದಲೇ "ಇದು ಹಚ್ಚಿದ್ರೆ ಬೆಳ್ಳಗೆ ಕಾಣ್ತೀರಿ" ಅಂತ ತೆಗೆದಿಡುತ್ತಾರೆ. ತಿಳಿ ಶೇಡ್‌ಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಬಣ್ಣ ಜಾಸ್ತಿ ಇರುತ್ತದೆ. ಅದರ ಅಡಿಯಿಂದ ನಮ್ಮ ಕಂದು ಚರ್ಮ ಇಣುಕಿದಾಗ ಬೂದಿಯಾಗಿ ಕಾಣುತ್ತದೆ. ಬೆವರಿಗೆ ಪದರ ತೆಳ್ಳಗಾದಷ್ಟೂ ಅದು ಎದ್ದು ಕಾಣುತ್ತದೆ. ಮೇಲೆ ಟಾಲ್ಕಂ ಪೌಡರ್ ಬಿದ್ದರಂತೂ ಮುಗಿಯಿತು.

ಸರಿಯಾದ ಶೇಡ್ ಹುಡುಕುವುದು ಹೀಗೆ. ಮುಖ ತೊಳೆದು, ಏನೂ ಹಚ್ಚದೆ, ಹಗಲು ಹೊತ್ತಿನಲ್ಲಿ ಅಂಗಡಿಗೆ ಹೋಗಿ. ಅಂಗೈ ಹಿಂಭಾಗದಲ್ಲಿ ಹಚ್ಚಿ ನೋಡಬೇಡಿ, ಕೈ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ಹತ್ತಿರ ಅನಿಸಿದ ಮೂರು ಶೇಡ್ ತೆಗೆದುಕೊಂಡು ದವಡೆಯ ಅಂಚಿನಲ್ಲಿ, ಕೆನ್ನೆಯಿಂದ ಕುತ್ತಿಗೆ ಕಡೆಗೆ ಪಕ್ಕಪಕ್ಕದಲ್ಲೇ ಮೂರು ಗೆರೆ ಎಳೆಯಿರಿ. ತಿಕ್ಕಬೇಡಿ. ಒಳಗಿನ ಟ್ಯೂಬ್‌ಲೈಟ್ ಬೆಳಕಿಗೆ ಮೂರೂ ಚೆನ್ನಾಗೇ ಕಾಣುತ್ತವೆ. ಹೊರಗೆ ಬಂದು ನೆರಳಲ್ಲಿ ನಿಂತು ಕನ್ನಡಿ ನೋಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಯಾಕೆಂದರೆ ಗಾಳಿಗೆ, ಚರ್ಮದ ಎಣ್ಣೆಗೆ ಕೆಲವು ಫೌಂಡೇಶನ್ ಸ್ವಲ್ಪ ಗಾಢವಾಗುತ್ತವೆ. ಯಾವ ಗೆರೆ ಹುಡುಕಿದರೂ ಕಾಣುವುದಿಲ್ಲವೋ ಅದು ನಿಮ್ಮದು. ಮಂಗಳವಾರ, ಶುಕ್ರವಾರ ಅರಿಶಿಣ ಹಚ್ಚಿ ಸ್ನಾನ ಮಾಡುವ ರೂಢಿ ಇದ್ದರೆ ಆ ದಿನ ಮಾತ್ರ ಹೋಗಬೇಡಿ, ಲೆಕ್ಕ ತಪ್ಪುತ್ತದೆ.

ನಾನು ಮೆಚ್ಚಿದ ಫೌಂಡೇಶನ್ ಮೇಬೆಲಿನ್ ಫಿಟ್ ಮಿ, ಮ್ಯಾಟ್ (ಹೊಳಪಿಲ್ಲದ್ದು) ಅಂತ ಬರೆದಿರುವುದು. ಎಣ್ಣೆ ಚರ್ಮಕ್ಕೆ ಹೊಂದುತ್ತದೆ, ನಮ್ಮ ಬಣ್ಣದ ಶೇಡ್‌ಗಳೂ ಇವೆ. 310 ಸನ್ ಬೇಜ್, 330 ಟಾಫಿ ಎರಡನ್ನೂ ಪಕ್ಕಪಕ್ಕ ಎಳೆದು ನೋಡಿ. ಮದುಮಕ್ಕಳಿಗೆ ನಾನು ಕ್ರಯೋಲಾನ್ ಕಂಪನಿಯ ಸ್ಟಿಕ್ ಫೌಂಡೇಶನ್ ಬಳಸುತ್ತೇನೆ. ಸ್ಟೇಜ್ ಲೈಟಿಗೆ ಅದು ಬೇಕು, ಆಫೀಸಿಗೆ ಬೇಡ, ತುಂಬಾ ದಪ್ಪ.

ನಿಜ ಹೇಳಬೇಕೆಂದರೆ ದಿನಾ ನಾನು ಮುಖಕ್ಕೆಲ್ಲ ಫೌಂಡೇಶನ್ ಹಚ್ಚುವುದೇ ಇಲ್ಲ. ಸನ್‌ಸ್ಕ್ರೀನ್ ಹಚ್ಚುತ್ತೇನೆ. ಟ್ಯೂಬ್ ಮೇಲೆ ಎಸ್‌ಪಿಎಫ್ 30 ಅಂತಿದ್ದರೆ ಅದು ಬಿಸಿಲಿನ ಸುಡುವ ಕಿರಣವನ್ನು ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಇದ್ದರೆ 98. ವ್ಯತ್ಯಾಸ ಅಷ್ಟೇ. ಆದರೆ ಆ ಲೆಕ್ಕ ಸಿಗುವುದು ಸರಿಯಾದ ಅಳತೆಯಲ್ಲಿ ಹಚ್ಚಿದಾಗ ಮಾತ್ರ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು, ಮುಖಕ್ಕೂ ಕುತ್ತಿಗೆಗೂ ಸೇರಿ. ನಮ್ಮ ಹುಡುಗಿಯರು ಕಡಲೆಕಾಳಿನಷ್ಟು ಹಚ್ಚಿ ಸನ್‌ಸ್ಕ್ರೀನ್ ಕೆಲಸ ಮಾಡಲ್ಲ ಅನ್ನುತ್ತಾರೆ. ಜೆಲ್ ತರಹದ್ದು ತಗೊಳ್ಳಿ, ಝಿಂಕ್ ಜಾಸ್ತಿ ಇರುವುದು ಬಿಳಿ ಬಿಡುತ್ತದೆ. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಮಧ್ಯಾಹ್ನ ಊಟಕ್ಕೆ ಎದ್ದಾಗ ಬೆವರು ಒರೆಸಿಕೊಂಡು ಇನ್ನೊಮ್ಮೆ ಹಚ್ಚಿ. ಬಿಸಿಲಲ್ಲೇ ಸುತ್ತುವ ದಿನ ಎರಡು ಗಂಟೆಗೊಮ್ಮೆ. ಮುಖಕ್ಕೆ ವೇಲ್ ಸುತ್ತಿಕೊಂಡಿದ್ದರೂ ಬಿಡಬೇಡಿ. ತೆಳು ಬಟ್ಟೆ ಧೂಳು ತಡೆಯುತ್ತದೆ, ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ.

ಕಣ್ಣ ಕೆಳಗೆ ಕಪ್ಪಿದ್ದರೆ ಅದರ ಮೇಲೆ ಬಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಬೇಡ, ಅಲ್ಲೂ ಬೂದಿಯೇ ಆಗುತ್ತದೆ. ಕಪ್ಪನ್ನು ಮರೆಸುವ ಕಿತ್ತಳೆ ಬಣ್ಣದ ಕರೆಕ್ಟರ್ ಅಕ್ಕಿಕಾಳಿನಷ್ಟು ತಗೊಂಡು ಉಂಗುರ ಬೆರಳಿನಿಂದ ಒತ್ತಿ, ಮೇಲೆ ನಿಮ್ಮ ಶೇಡ್ ಫೌಂಡೇಶನ್ ಒಂದು ಚುಕ್ಕಿ. ಸಾಕು.

ಕಾಡಿಗೆ ಇಳಿಯುವುದು ಕಣ್ಣ ಕೆಳಗಿನ ಎಣ್ಣೆಯಿಂದ. ಹಚ್ಚುವ ಮುಂಚೆ ಟಿಶ್ಯೂ ಒತ್ತಿ ಆ ಜಾಗ ಒಣಗಿಸಿ, ಸಣ್ಣ ಬ್ರಶ್‌ನಿಂದ ಲೂಸ್ ಪೌಡರ್ ತಾಗಿಸಿ, ಆಮೇಲೆ ಕಾಡಿಗೆ ಹಚ್ಚಿ. ನಾನು ವರ್ಷಗಳಿಂದ ಲ್ಯಾಕ್ಮೆ ಐಕಾನಿಕ್ ಬಿಟ್ಟಿಲ್ಲ. ಆಫೀಸಿಗಾದರೆ ಕೆಳಗಿನ ಅಂಚು ಬಿಟ್ಟು ಮೇಲಿನ ರೆಪ್ಪೆಯ ಬುಡಕ್ಕೆ ಮಾತ್ರ ಹಚ್ಚಿ ನೋಡಿ. ಸಂಜೆವರೆಗೂ ಅಲ್ಲೇ ಇರುತ್ತದೆ.

ಲಿಪ್‌ಸ್ಟಿಕ್ ಇಟ್ಟಿಗೆ ಕೆಂಪು, ಮರೂನ್, ಕಂದು ಕಡೆಯವು ತಗೊಳ್ಳಿ. ಕಪ್ಪು ಮೈಬಣ್ಣಕ್ಕೆ ಇವು ಎಷ್ಟು ಚಂದ ಕೂರುತ್ತವೆ ಅಂದರೆ ಬೇರೆ ಏನೂ ಬೇಕಾಗುವುದಿಲ್ಲ. ಅದನ್ನೇ ಬೆರಳಿಗೆ ತಗೊಂಡು ಕೆನ್ನೆಗೆ ಎರಡು ಚುಕ್ಕಿ ಒತ್ತಿದರೆ ಬ್ಲಶ್ ಬೇರೆ ಕೊಳ್ಳುವುದು ಬೇಡ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಮದುವೆ ಗೊತ್ತಾದ ಕೂಡಲೇ ಎಷ್ಟೋ ಹುಡುಗಿಯರು ಮೆಡಿಕಲ್ ಶಾಪಿಂದ ಬೆಳ್ಳಗಾಗುವ ಟ್ಯೂಬ್ ತಂದು ಹಚ್ಚುತ್ತಾರೆ. ಟ್ಯೂಬ್ ಹಿಂದೆ ಮೊಮೆಟಾಸೋನ್, ಬೀಟಾಮೆಥಸೋನ್, ಕ್ಲೋಬೆಟಸಾಲ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮೊದಲು ಮುಖ ಹೊಳೆಯುತ್ತದೆ, ಮನೆಯವರೆಲ್ಲ ಹೊಗಳುತ್ತಾರೆ. ಆಮೇಲೆ ಚರ್ಮ ತೆಳ್ಳಗಾಗಿ ಕೆನ್ನೆಯಲ್ಲಿ ಕೆಂಪು ನರ ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲೂ ಬರುತ್ತದೆ. ಬಿಟ್ಟರೆ ಉರಿ. ಅಂಥ ಮುಖ ನನ್ನ ಕುರ್ಚಿಯಲ್ಲಿ ಕೂತಾಗ ಬ್ರಶ್ ತಾಗಿಸಲೂ ಸಂಕಟ ಆಗುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂದಿದೆ. ಈಗಾಗಲೇ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ, ನಿಮ್ಮೂರ ರಿಮ್ಸ್ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ಟ್ಯೂಬ್ ಸಮೇತ ತೋರಿಸಿ. ನಿಂಬೆರಸವನ್ನೂ ಮುಖಕ್ಕೆ ತಿಕ್ಕಬೇಡಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆಯಾಗುತ್ತದೆ.

ಇನ್ನು ಟಿಕಳಿ. ಸ್ಟಿಕ್ಕರ್ ಅಂಟಿನ ಕೆಲವು ರಾಸಾಯನಿಕಗಳಿಂದ ಹಣೆಯಲ್ಲಿ ಬಿಳಿ ಮಚ್ಚೆ ಬೀಳುವುದುಂಟು. ಅಲ್ಲಿ ತುರಿಸಿದರೆ ಅಥವಾ ಬಣ್ಣ ತಿಳಿಯಾದರೆ ಅವತ್ತೇ ನಿಲ್ಲಿಸಿ. ರಾತ್ರಿಯಂತೂ ತೆಗೆದೇ ಮಲಗಿ.

ರಾತ್ರಿ ಕಣ್ಣಿನದನ್ನು ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ತೆಗೆಯಿರಿ. ನಿಮ್ಮದು ಎಣ್ಣೆ ಚರ್ಮ, ಮುಖಕ್ಕೆಲ್ಲ ಬಳಿದರೆ ಮೊಡವೆ ಬರಬಹುದು. ಮುಖಕ್ಕೆ ಮೈಸೆಲಾರ್ ವಾಟರ್ (ಮೇಕಪ್ ತೆಗೆಯುವ, ನೀರಿನಂಥ ದ್ರವ), ಆಮೇಲೆ ಫೇಸ್‌ವಾಶ್. ಬೋರ್ ನೀರು ಗಡಸು, ಸೋಪು ನೊರೆ ಬರದೆ ಚರ್ಮದ ಮೇಲೇ ಉಳಿದು ಬಿಗಿಯುತ್ತದೆ. ಕೊನೆಗೆ ಒಂದು ಚೊಂಬು ಫಿಲ್ಟರ್ ನೀರಲ್ಲಿ ತೊಳೆದುಕೊಳ್ಳಿ.

ಎಲ್ಲ ಒಟ್ಟಿಗೆ ಕೊಳ್ಳಬೇಡಿ. ಈ ತಿಂಗಳು ಸನ್‌ಸ್ಕ್ರೀನ್, ಕಾಡಿಗೆ, ಒಂದು ಲಿಪ್‌ಸ್ಟಿಕ್. ಫೌಂಡೇಶನ್ ಮುಂದಿನ ಸಂಬಳಕ್ಕೆ. ಅದೂ ಚಿಕ್ಕ ಟ್ಯೂಬೇ ಸಾಕು.