ಮೊದಲು ತೂಕ ಹಾಕಿಸಿ, ಆಮೇಲೆ ಹುಕ್ಕು, ಟೈರು

ಗಾಡಿ ಮಾತು: ಓದುಗರ ಪ್ರಶ್ನೆಗಳಿಗೆ ತುಮಕೂರು ಶಿರಾ ರಸ್ತೆಯ ಟೈರ್ ಅಂಗಡಿಯಿಂದ ಉತ್ತರ

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮಗಳು, ಅಳಿಯ ಅಮೆರಿಕದ ಕೊಲರಾಡೋದಲ್ಲಿದ್ದಾರೆ. ಈ ಬೇಸಿಗೆಗೆ ನಾವಿಬ್ಬರೂ ಹೋಗುತ್ತಿದ್ದೇವೆ. ಅಳಿಯಂದಿರು ಒಂದು ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಟ್ರೈಲರ್ ನೋಡಿಟ್ಟಿದ್ದಾರೆ. ಒಳಗೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇದೆಯಂತೆ. ಎಳೆಯಲು ಪಿಕಪ್ ಆಗಲೇ ಇದೆ. ‘ನಿಮ್ಮ ಗಾಡಿ ಆರಾಮಾಗಿ ಎಳೆಯುತ್ತೆ’ ಎಂದು ಮಾರುವವನು ಹೇಳುತ್ತಿದ್ದಾನೆ. ಯಾವ ಹುಕ್ಕು ಹಾಕಿಸಬೇಕು, ಟೈರು ಯಾವುದಿರಬೇಕು? ನಮ್ಮ ಕಡೆಯ ಕಂಟೈನರ್ ಗಾಡಿಯ ಲೆಕ್ಕವೇ ಅದಕ್ಕೂ ನಡೆಯುತ್ತದೆಯೇ?
ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮೇಷ್ಟ್ರೇ, ಲೆಕ್ಕ ಅದೇ. ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವ ಕಂಟೈನರ್ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಮುಂದಿನ ಗಾಡಿಯ ಬೆನ್ನ ಮೇಲೆ ಗ್ರೀಸ್ ಬಳಿದ ದಪ್ಪ ಕಬ್ಬಿಣದ ತಟ್ಟೆ ಇರುತ್ತದೆ, ಅದರ ಹಿಂಬದಿಯಲ್ಲಿ ಒಂದು ಸೀಳು. ಆ ತಟ್ಟೆಗೇ ಫಿಫ್ತ್ ವೀಲ್ ಅನ್ನುವುದು. ಟ್ರೈಲರ್ ಮೂತಿಯ ಕೆಳಗಿರುವ ಕಿಂಗ್ ಪಿನ್ ಎಂಬ ದಪ್ಪ ಗೂಟ ಆ ಸೀಳಿನೊಳಗೆ ನುಗ್ಗುತ್ತದೆ, ತಟ್ಟೆಯೊಳಗಿನ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ಪಿಕಪ್‌ಗೆ ಹಾಕಿಸುವ ಹುಕ್ಕೂ ಇಂಥದ್ದೇ. ಅಮೆರಿಕದ ಮನೆಗಾಡಿಯ ಪಿನ್ನು 2 ಇಂಚು ದಪ್ಪ. ನಮ್ಮ ಕಂಟೈನರ್ ಗಾಡಿಗಳಲ್ಲೂ 2 ಇಂಚಿನದೇ ಕಾಣುತ್ತದೆ, ಭಾರಿ ಸರಕಿನವಕ್ಕೆ ಮೂರೂವರೆ ಇಂಚಿನದೂ ಇದೆ.

ಈಗ ಮಾರುವವನ ಮಾತಿಗೆ ಬರೋಣ. ‘ಎಳೆಯುತ್ತೆ’ ಎಂದಿದ್ದಾನೆ, ಸುಳ್ಳೇನಲ್ಲ. ಎಂಜಿನ್‌ಗೆ ಶಕ್ತಿ ಇರುತ್ತದೆ. ನೀವು ಕೇಳಬೇಕಾದ್ದು ‘ಹೊರುತ್ತಾ’ ಅಂತ. ಫಿಫ್ತ್ ವೀಲ್ ಟ್ರೈಲರ್ ತನ್ನ ತೂಕದಲ್ಲಿ ನೂರಕ್ಕೆ 15ರಿಂದ 25 ಭಾಗವನ್ನು ಪಿನ್ನಿನ ಮೂಲಕ ಪಿಕಪ್‌ನ ಬೆನ್ನಿನ ಮೇಲೆ ಹಾಕುತ್ತದೆ. ಕಾರಿನ ಹಿಂದೆ ಬಾಲಕ್ಕೆ ಸಿಕ್ಕಿಸುವ ಟ್ರೈಲರ್ ಆದರೆ 10ರಿಂದ 15 ಭಾಗ ಅಷ್ಟೇ.

ಸಾಮಾನು ತುಂಬಿದ ಮೇಲೆ ಟ್ರೈಲರ್ 5,000 ಕೆಜಿ ಬರುತ್ತದೆ ಅಂದುಕೊಳ್ಳಿ. ನೂರಕ್ಕೆ 20ರ ಲೆಕ್ಕದಲ್ಲಿ 1,000 ಕೆಜಿ ಪಿಕಪ್ ಮೇಲೆ ಕೂರುತ್ತದೆ. ಹುಕ್ಕಿನ ತೂಕವೇ ಸುಮಾರು 70 ಕೆಜಿ. ಮಗಳು, ಅಳಿಯ, ನೀವು, ಮನೆಯವರು, ನಾಲ್ಕು ಜನಕ್ಕೆ 280 ಕೆಜಿ. ಅಲ್ಲಿಗೆ 1,350 ಆಯಿತು. ಇನ್ನು ಅಳಿಯಂದಿರು ಪಿಕಪ್‌ನ ಡ್ರೈವರ್ ಬಾಗಿಲು ತೆಗೆಯಲಿ. ಬಾಗಿಲ ಚೌಕಟ್ಟಿನ ಮೇಲೆ ಹಳದಿ ಬಣ್ಣದ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎರಡೂ ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ, ಕೆಜಿಯಲ್ಲೂ ಇರುತ್ತದೆ. ಎಫ್-150, ರಾಮ್ 1500 ತರಹದ ಹಗುರ ದರ್ಜೆಯ ಪಿಕಪ್‌ನಲ್ಲಿ ಆ ಅಂಕಿ ಎಷ್ಟೋ ಸಲ 700ರಿಂದ 900ರ ಒಳಗೇ ಇರುತ್ತದೆ. ಅಂಥ ಗಾಡಿಗೆ ಈ ಟ್ರೈಲರ್ ಬೇಡ. ಎಷ್ಟು ದುಬಾರಿ ಹುಕ್ಕು ಹಾಕಿಸಿದರೂ ಆ ಚೀಟಿಯ ಅಂಕಿ ಜಾಸ್ತಿ ಆಗುವುದಿಲ್ಲ. ಹೆಚ್ಚು ಭಾರ ಹೊರುವ 2500, 3500 ದರ್ಜೆಯ ಪಿಕಪ್ ಇದ್ದರೆ ಮುಂದೆ ಓದಿ. ಅದರ ಚೀಟಿಯನ್ನೂ ನೋಡದೆ ಬಿಡಬೇಡಿ.

ಟ್ರೈಲರ್ ಜೊತೆ ಕೊಡುವ ಪುಸ್ತಕದಲ್ಲಿ ಪಿನ್ನಿನ ತೂಕ ಎಂದು ಒಂದು ಅಂಕಿ ಇರುತ್ತದೆ. ಅದು ಖಾಲಿ ಗಾಡಿಯದ್ದು. ನೀರಿನ ಟ್ಯಾಂಕ್‌ಗೆ 200 ಲೀಟರ್ ತುಂಬಿದರೆ 200 ಕೆಜಿ ಬಂತು. ಪಾತ್ರೆ, ಹಾಸಿಗೆ, ಗ್ಯಾಸ್, ನಿಮ್ಮವರು ಇಲ್ಲಿಂದ ಹೊತ್ತೊಯ್ಯುವ ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ, ಯಾವುದೂ ಪುಸ್ತಕದಲ್ಲಿ ಇರುವುದಿಲ್ಲ, ಅಲ್ವಾ? ಅದಕ್ಕೇ ತೂಕ ಹಾಕಿಸಲೇಬೇಕು. ಅಲ್ಲಿ ಲಾರಿಗಳು ನಿಲ್ಲುವ ದೊಡ್ಡ ಪೆಟ್ರೋಲ್ ಬಂಕುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್, ಮೂರನ್ನೂ ಬೇರೆ ಬೇರೆ ತೂಗುತ್ತದೆ. ಮೊದಲು ಜನ, ಸಾಮಾನು ಸಮೇತ ಬರೀ ಪಿಕಪ್ ತೂಗಿಸಲಿ. ಆಮೇಲೆ ತುಂಬಿದ ಟ್ರೈಲರ್ ಸಿಕ್ಕಿಸಿ ಇನ್ನೊಮ್ಮೆ ತೂಗಿಸಲಿ. ಪಿಕಪ್‌ನ ಎರಡು ಆಕ್ಸಲ್‌ಗಳ ತೂಕ ಮೊದಲಿಗಿಂತ ಎಷ್ಟು ಏರಿತೋ ಅದೇ ಪಿನ್ನಿನ ಭಾರ.

ಹುಕ್ಕಿನ ವಿಷಯ. ಪಿಕಪ್ ಎರಡು ಬಗೆಯಲ್ಲಿ ಸಿಗುತ್ತದೆ, ಹಿಂದೆ ಸಾಮಾನು ಹಾಕುವ ತೊಟ್ಟಿ ಉದ್ದ ಇರುವುದು ಮತ್ತು ಗಿಡ್ಡ ಇರುವುದು. ಎಂಟಡಿ ತೊಟ್ಟಿ ಇದ್ದರೆ ಒಂದೇ ಜಾಗದಲ್ಲಿ ನಿಲ್ಲುವ ಸಾದಾ ಹುಕ್ಕು ಸಾಕು. ಐದೂವರೆ, ಆರೂವರೆ ಅಡಿ ತೊಟ್ಟಿ ಆದರೆ ಜೋರಾಗಿ ತಿರುಗಿಸಿದಾಗ ಟ್ರೈಲರ್‌ನ ಮೂಲೆ ಕ್ಯಾಬಿನ್‌ನ ಹಿಂದಿನ ಗಾಜಿಗೆ ಬಡಿಯುವ ಸಂಭವ ಇದೆ. ಅದಕ್ಕೆ ಹಿಂದಕ್ಕೆ ಜರುಗುವ ಸ್ಲೈಡರ್ ಹುಕ್ಕು ಬೇಕು. ಡ್ರೈವರ್ ಇಳಿದು ಲಿವರ್ ಎಳೆದು ಜರುಗಿಸುವುದು ಒಂದು ಬಗೆ, ತಿರುವಿನಲ್ಲಿ ತಾನೇ ಜರುಗುವುದು ಇನ್ನೊಂದು. ತಾನೇ ಜರುಗುವುದು ದುಬಾರಿ, ತೂಕವೂ ಜಾಸ್ತಿ. ಆದರೂ ಅಳಿಯಂದಿರು ಇದಕ್ಕೆ ಹೊಸಬರಾದ್ದರಿಂದ ನಾನು ಅದನ್ನೇ ಹೇಳುತ್ತೇನೆ. ಕ್ಯಾಂಪಿನ ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವಾಗ ಇಳಿದು ಲಿವರ್ ಎಳೆಯುವುದು ಯಾರಿಗೂ ನೆನಪಿರುವುದಿಲ್ಲ.

ಕೂರಿಸುವ ರೀತಿಯೂ ಮೂರ್ನಾಲ್ಕು ಇದೆ. ಕಂಪನಿಯಿಂದಲೇ ತೊಟ್ಟಿಯಲ್ಲಿ ತೂತು ಬಿಟ್ಟು ಕೆಳಗೆ ಚೌಕಟ್ಟು ಕೊಟ್ಟಿದ್ದರೆ ಅದಕ್ಕೆ ಹೊಂದುವ ಹುಕ್ಕನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಎರಡು ರೈಲು ಪಟ್ಟಿ ಕೂರಿಸಿ ಚಾಸಿಗೇ ಬೋಲ್ಟ್ ಹಾಕಿಸಬೇಕು, ಬರೀ ತೊಟ್ಟಿಯ ತಗಡಿಗಲ್ಲ. ಟ್ರೈಲರ್ ಮೂತಿಯಲ್ಲಿ ಪಿನ್ನು ಇರುವ ಪೆಟ್ಟಿಗೆಗೆ ಉದ್ದನೆ ಕುತ್ತಿಗೆ ಜೋಡಿಸಿ ತೊಟ್ಟಿಯ ನಡುವಿನ ಕಬ್ಬಿಣದ ಗುಂಡಿಗೆ (ಬಾಲ್) ಸಿಕ್ಕಿಸುವ ಅಗ್ಗದ ದಾರಿಯೊಂದನ್ನು ಯಾರಾದರೂ ಹೇಳಬಹುದು. ಕುತ್ತಿಗೆ ಉದ್ದವಾದಷ್ಟೂ ಟ್ರೈಲರ್ ಚಾಸಿಯನ್ನು ತಿರುಚುವ ಬಲ ಹೆಚ್ಚುತ್ತದೆ. ಟ್ರೈಲರ್ ಕಂಪನಿ ಒಪ್ಪಿದೆ ಎಂದು ಬರಹದಲ್ಲಿ ಕೊಡದಿದ್ದರೆ ಬೇಡ ಅನ್ನಿ.

ಸಿಕ್ಕಿಸಿದ ಮೇಲೆ ದೂರ ನಿಂತು ಪಕ್ಕದಿಂದ ನೋಡಬೇಕು. ಟ್ರೈಲರ್ ಮಟ್ಟವಾಗಿರಬೇಕು. ಮೂತಿ ಎತ್ತಿಕೊಂಡಿದ್ದರೆ ಭಾರ ಹಿಂದಿನ ಆಕ್ಸಲ್‌ಗೆ ವಾಲುತ್ತದೆ, ಹಿಂದಿನ ಟೈರುಗಳು ಮೊದಲು ಹೋಗುತ್ತವೆ. ಹಾಗೆಂದು ಹುಕ್ಕನ್ನು ತೀರಾ ಇಳಿಸಲೂ ಆಗದು. ತೊಟ್ಟಿಯ ಅಂಚಿಗೂ ಟ್ರೈಲರ್ ಹೊಟ್ಟೆಗೂ ನಡುವೆ ಐದೂವರೆ, ಆರಿಂಚು ಸಂದು ಇರಲಿ. ಹಳ್ಳ ದಿಣ್ಣೆಯಲ್ಲಿ ಅದು ಬೇಕಾಗುತ್ತದೆ.

ಇನ್ನು ನನ್ನ ಕಸುಬು, ಟೈರು. ಸೆಕೆಂಡ್ ಹ್ಯಾಂಡ್ ಟ್ರೈಲರ್‌ನ ಟೈರಿನ ಗುಂಡಿ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ನೋಡಿ ಮೋಸ ಹೋಗಬೇಡಿ. ಅಂಥ ಗಾಡಿ ವರ್ಷದಲ್ಲಿ ಮುಕ್ಕಾಲು ಪಾಲು ಬಿಸಿಲಲ್ಲಿ ನಿಂತೇ ಇರುತ್ತದೆ. ಗುಂಡಿ ಹೊಸದರಂತೆ ಇರುತ್ತದೆ, ರಬ್ಬರ್ ಒಣಗಿರುತ್ತದೆ. ಪಕ್ಕದ ಗೋಡೆಯ ಮೇಲೆ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ಟೈರು ಹುಟ್ಟಿದ ದಿನ. 2319 ಎಂದಿದ್ದರೆ 2019ರ 23ನೇ ವಾರ. ಪೂರ್ತಿ ಸಾಲು ಒಂದೇ ಬದಿಗೆ ಇರುತ್ತದೆ, ಎಷ್ಟೋ ಸಲ ಅದು ಒಳಬದಿ. ಅಳಿಯಂದಿರು ಹಳೆ ಬಟ್ಟೆ ಹಾಕಿಕೊಂಡು, ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಲಿ. ಅಲ್ಲೇ ಹೆಬ್ಬೆರಳಿನಿಂದ ಗೋಡೆಯನ್ನು ಒತ್ತಿ ನೋಡಲಿ. ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟರೆ ಆ ಟೈರು ಮುಗಿಯಿತು. ಬಿರುಕು ಕಾಣದಿದ್ದರೂ ಐದಾರು ವರ್ಷ ದಾಟಿದ್ದನ್ನು ನಾನಾದರೆ ಇಡುವುದಿಲ್ಲ. ಹೊಸ ಟೈರಿನ ದುಡ್ಡನ್ನು ಟ್ರೈಲರ್ ರೇಟಿನಲ್ಲಿ ಕಳೆದು ಮಾತಾಡಿ.

ಹೊಸದು ಕೊಳ್ಳುವಾಗ ಎಸ್‌ಟಿ (ST) ಎಂದು ಬರೆದ ಟೈರು ಕೇಳಿ. ಅದು ಟ್ರೈಲರ್‌ಗೆಂದೇ ಗೋಡೆ ಗಟ್ಟಿ ಮಾಡಿದ ಟೈರು. ಇದನ್ನು ಪಿಕಪ್‌ಗೆ ಹಾಕಬಾರದು, ಕಾರಿನ ಟೈರನ್ನು ಟ್ರೈಲರ್‌ಗೂ ಹಾಕಬಾರದು. ಆಮೇಲೆ ಟೈರು ಎಷ್ಟು ಭಾರ ತಾಳುತ್ತದೆ ಎಂದು ಹೇಳುವ ಲೋಡ್ ರೇಂಜ್ ಎಂಬ ಅಕ್ಷರ ನೋಡಿ. ಡಿ ಎಂದರೆ 65 ಪಿಎಸ್‌ಐ ಗಾಳಿ, ಇ ಎಂದರೆ 80, ಜಿ ಎಂದರೆ 110. ನಮ್ಮ ಲೆಕ್ಕದ ಟ್ರೈಲರನ್ನೇ ಹಿಡಿಯಿರಿ. 5,000ದಲ್ಲಿ 1,000 ಪಿಕಪ್ ಹೊತ್ತಿತು, ಉಳಿದ 4,000 ನಾಲ್ಕು ಟೈರಿಗೆ ಹಂಚಿದರೆ ಒಂದಕ್ಕೆ 1,000. 225/75ಆರ್15 ಅಳತೆಯ ಡಿ ಟೈರು 1,152 ಕೆಜಿ ತಾಳುತ್ತದೆ. ಸಾಕು ಅನಿಸುತ್ತದೆ. ಆದರೆ ಅಡುಗೆಮನೆ, ಫ್ರಿಜ್ಜು ಒಂದೇ ಪಕ್ಕಕ್ಕಿದ್ದರೆ ಆ ಪಕ್ಕದ ಟೈರಿಗೆ ಭಾರ ಜಾಸ್ತಿ, ಉಳಿದ ಸಂದು ಅಲ್ಲೇ ಮುಗಿದುಹೋಗುತ್ತದೆ. ಅದೇ ಅಳತೆಯ ಇ ಟೈರು 1,284 ಕೆಜಿ ತಾಳುತ್ತದೆ. ಅದನ್ನೇ ಹಾಕಿಸಿ. ಲೆಕ್ಕಕ್ಕಿಂತ ನೂರಕ್ಕೆ ಇಪ್ಪತ್ತರಷ್ಟಾದರೂ ಮೇಲೆ ಇರಬೇಕು ಎಂಬುದು ನನ್ನ ಹಠ.

ಇಲ್ಲಿ ಒಂದು ಸಣ್ಣ ವಿಷಯ ತುಂಬಾ ಜನಕ್ಕೆ ತಪ್ಪಿಹೋಗುತ್ತದೆ. ಡಿ ಬಿಟ್ಟು ಇ ಹಾಕಿದರೆ 80 ಗಾಳಿ ತುಂಬಬೇಕು. ಹಳೆ ರಬ್ಬರ್ ವಾಲ್ವು ಸಾಮಾನ್ಯವಾಗಿ 65ಕ್ಕೆ ಮಾಡಿದ್ದು. ಟೈರಿನ ಜೊತೆ ಲೋಹದ ವಾಲ್ವನ್ನೂ ಹಾಕಿಸಲೇಬೇಕು. ರಿಮ್ಮು 80 ತಾಳುತ್ತದೆಯೇ ಎಂದು ಅದರ ಒಳಬದಿಯಲ್ಲಿ ಕೆತ್ತಿದ್ದನ್ನು ಓದಿ. ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ದಾರಿಯಲ್ಲಿ ಬಿಸಿಯಾದಾಗ ಗಾಳಿ ಜಾಸ್ತಿ ತೋರಿಸುತ್ತದೆ, ಇಳಿಸಬೇಡಿ. ಟ್ರೈಲರ್ ಟೈರು ಒಡೆಯುವುದು ಬಹಳಷ್ಟು ಸಲ ಗಾಳಿ ಕಡಿಮೆಯಾಗಿ. ಗೋಡೆ ಮಡಚಿ ಮಡಚಿ ಒಳಗೇ ಕಾದು ಸಿಡಿಯುತ್ತದೆ.

ವೇಗದ ವಿಷಯ ಅಳಿಯಂದಿರಿಗೆ ನೀವೇ ಹೇಳಬೇಕು, ಮಾವನ ಮಾತಿಗೆ ಬೆಲೆ ಇರುತ್ತದೆ. ಟೈರಿನ ಮೇಲೆ ವೇಗದ ಅಕ್ಷರ ಇಲ್ಲದಿದ್ದರೆ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್, ಅದೇ ಮಿತಿ ಎಂದು ತಿಳಿಯಲಿ. ರಸ್ತೆಯಲ್ಲಿ 75 ಎಂಬ ಬೋರ್ಡ್ ಇದ್ದರೆ ಅದು ಕಾರಿನವರಿಗೆ.

ಪ್ರಶ್ನೆ: ಅಣ್ಣ, ನಮ್ಮದು ಎರಡು ಚಕ್ರದ ಟ್ರೈಲರ್. ಟೊಮೇಟೊ ತುಂಬಿಕೊಂಡು ಕೋಲಾರ ಎಪಿಎಂಸಿಗೆ ಹೋಗುವಾಗ ಏರಿನಲ್ಲಿ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಎದ್ದೇಳುತ್ತೆ. ಹುಕ್ಕನ್ನು ಮೇಲಕ್ಕೆ ವೆಲ್ಡ್ ಮಾಡಿಸಿದರೆ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ಮಾಡಿಸಲಾ?
ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ಖಂಡಿತ ಬೇಡ ತಮ್ಮಾ. ಮೇಲಿನ ಮೇಷ್ಟ್ರ ಗಾಡಿಯಲ್ಲಿ ಭಾರ ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೆ ಕೂರುತ್ತದೆ, ಅದಕ್ಕೇ ಮುಂದಿನ ಚಕ್ರ ಏಳುವುದಿಲ್ಲ. ನಿನ್ನ ಹುಕ್ಕು ಆಕ್ಸಲ್‌ಗಿಂತ ಹಿಂದೆ ಇದೆ. ಏತದ ಮರದ ತುದಿಗೆ ಭಾರ ಹಾಕಿದ ಹಾಗೆ ಮೂತಿ ಎದ್ದೇ ಏಳುತ್ತದೆ. ಹುಕ್ಕನ್ನು ಆಕ್ಸಲ್‌ಗಿಂತ ಮೇಲೆ ತಂದರೆ ಟ್ರೈಲರ್ ಎಳೆಯುವ ಬಲವೇ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ. ಆಗ ಒಂದೆರಡು ಸೆಕೆಂಡಿನಲ್ಲಿ ಸ್ಟೀರಿಂಗ್ ನಿನ್ನ ಎದೆಯ ಮೇಲೆ. ಕ್ಲಚ್ ತುಳಿಯಲೂ ಹೊತ್ತು ಸಿಗುವುದಿಲ್ಲ. ಕಂಪನಿ ಕೊಟ್ಟ ಎತ್ತರದಲ್ಲೇ ಇರಲಿ.

ಮೊದಲು ಬಾಕ್ಸು ಎಣಿಸು. 15 ಕೆಜಿಯ ಬಾಕ್ಸು 200 ಆದರೆ ಹಣ್ಣೇ ಮೂರು ಟನ್. ಬಾಕ್ಸಿನ ತೂಕ, ಟ್ರೈಲರ್ ತೂಕ ಬೇರೆ. ಹತ್ತಿರದ ವೇಬ್ರಿಡ್ಜ್‌ನಲ್ಲಿ ಒಮ್ಮೆ ತುಂಬಿದ ಗಾಡಿ ತೂಗಿಸಿಬಿಡು. ಏಣಿಯಂತೆ ಮುಂಬದಿಯಲ್ಲೇ ಎತ್ತರಕ್ಕೆ ಪೇರಿಸಬೇಡ. ಚಕ್ರದ ಹಿಂದೆ ಮುಂದೆ ಹೆಚ್ಚು ಕಮ್ಮಿ ಸಮ ಬರಲಿ, ಮುಂದಕ್ಕೆ ಒಂಚೂರು ಜಾಸ್ತಿ ಇರಲಿ. ಪೂರ್ತಿ ಹಿಂದಕ್ಕೆ ಹಾಕಿದರೆ ಹುಕ್ಕು ಮೇಲೆದ್ದು ಟ್ರ್ಯಾಕ್ಟರ್ ಹಿಂದಿನ ಚಕ್ರದ ಹಿಡಿತವೇ ಹೋಗುತ್ತದೆ. ಟ್ರ್ಯಾಕ್ಟರ್ ಮೂತಿಗೆ ಕಂಪನಿಯ ತೂಕದ ಬಿಲ್ಲೆ ಹಾಕಿಸು. ಏರಿಗೆ ಮುಂಚೆಯೇ ಗೇರ್ ಇಳಿಸು, ಏರಿನ ಮಧ್ಯೆ ಕ್ಲಚ್ ದಬಕ್ಕನೆ ಬಿಡಬೇಡ.

ಹುಕ್ಕಿಗೆ ಕಂಬಿ ತುಂಡು ತೂರಿಸಿಕೊಂಡು ಬರುವವರನ್ನು ದಿನಾ ನೋಡುತ್ತೇನೆ, ಮೈ ಉರಿಯುತ್ತೆ. ಸರಿಯಾದ ಪಿನ್ನು ಹಾಕಿ ಅದು ಕಳಚಿಕೊಳ್ಳದಂತೆ ಕೆಳಗೆ ಲಿಂಚ್ ಪಿನ್ ಸಿಕ್ಕಿಸು, ಜೊತೆಗೆ ಸರಪಳಿ ಇರಲಿ. ಹುಕ್ಕಿಗೆ ಸಿಕ್ಕಿಸುವ ಟ್ರೈಲರ್‌ನ ಬಳೆ ಒಂದು ಕಡೆ ತೆಳುವಾಗಿ ಸವೆದಿದ್ದರೆ ಬದಲಾಯಿಸು, ಮೇಲೆ ವೆಲ್ಡಿಂಗ್ ತುಂಬಿಸಬೇಡ. ಎರಡೂ ಟೈರು ಒಂದೇ ಅಳತೆ, ಒಂದೇ ಪ್ಲೈ ಇರಲಿ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸು. ನೀವು ಮಾರ್ಕೆಟ್ಟಿಗೆ ಹೊರಡುವುದು ಕತ್ತಲಲ್ಲಿ, 75ನೇ ಹೆದ್ದಾರಿಯಲ್ಲಿ ಬಸ್ಸಿನವನಿಗೆ ನಿನ್ನ ಟ್ರೈಲರ್ ಕಾಣಬೇಕಲ್ಲ.

ಪ್ರಶ್ನೆ: ಟ್ರೈಲರ್ ಆಕ್ಸಲ್‌ಗೆ ರಿಸೋಲ್ ಟೈರ್ (ಸವೆದ ಟೈರಿಗೆ ಹೊಸ ರಬ್ಬರ್ ಪದರ ಹಾಕಿದ್ದು) ಹಾಕಬಹುದಾ?
ಓದುಗರು, ಶಿರಾ

ಉತ್ತರ: ಲಾರಿ ಟ್ರೈಲರ್‌ಗೆ ಹಾಕಬಹುದು. ಒಳಗಿನ ಕೇಸಿಂಗ್, ಅಂದರೆ ಹಳೆ ಟೈರಿನ ಮೈ, ಚೆನ್ನಾಗಿರಬೇಕು, ಒಮ್ಮೆಯೂ ಗಾಳಿಯಿಲ್ಲದೆ ಓಡಿರಬಾರದು. ಸ್ಟೀರಿಂಗ್ ಜೊತೆ ತಿರುಗುವ ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಡಿ. ಜೋಡಿ ಚಕ್ರದಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದೇ ಎಲ್ಲ ಭಾರ ಹೊರುತ್ತದೆ. ಅಂದಹಾಗೆ, ಟೈರಿನ ಮೇಲೆ 146/143 ಎಂದು ಎರಡು ಅಂಕಿ ಇದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, 3,000 ಕೆಜಿ. ಎರಡನೆಯದು ಜೋಡಿಯಲ್ಲಿ ಹಾಕಿದಾಗ ಒಂದೊಂದಕ್ಕೆ, 2,725 ಕೆಜಿ.

ಪ್ರಶ್ನೆ: ಸಾರ್, ಕಂಟೈನರ್ ಗಾಡಿಗೆ ಹೊಸದಾಗಿ ಸೇರಿದ್ದೇನೆ. ಟ್ರೈಲರ್ ಸಿಕ್ಕಿಸಿದಾಗ ‘ಟಕ್’ ಎಂದು ಸದ್ದು ಬಂದರೆ ಲಾಕ್ ಆಯಿತು ಎಂದೇ ಅರ್ಥವಾ?
ಓದುಗರು, ತುಮಕೂರು

ಉತ್ತರ: ಇಲ್ಲ. ಟ್ರೈಲರ್ ಸ್ವಲ್ಪ ಎತ್ತರ ಇದ್ದರೆ ಪಿನ್ನಿನ ತುದಿ ಮಾತ್ರ ಸಿಕ್ಕಿಕೊಂಡಿರುತ್ತದೆ, ಅಥವಾ ಪಿನ್ನು ದವಡೆಯ ಮೇಲೇ ನಿಂತಿರುತ್ತದೆ. ಆಗಲೂ ಸದ್ದು ಬರಬಹುದು. ಇಳಿದು ಟಾರ್ಚ್ ಹಾಕು. ತಟ್ಟೆಗೂ ಟ್ರೈಲರ್‌ಗೂ ನಡುವೆ ಬೆಳಕು ತೂರಿದರೆ ಸರಿಯಾಗಿ ಕೂತಿಲ್ಲ. ಹಿಂದಿನಿಂದ ಬಗ್ಗಿ ಸೀಳಿನೊಳಗೆ ನೋಡು, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತಿ ಮುಚ್ಚಿರಬೇಕು. ಲಿವರ್ ಪೂರ್ತಿ ಒಳಗೆ ಹೋಗಿರಬೇಕು. ಆಮೇಲೆ ಲ್ಯಾಂಡಿಂಗ್ ಲೆಗ್ (ಬಿಚ್ಚಿ ನಿಲ್ಲಿಸಿದಾಗ ಟ್ರೈಲರ್ ಮೂತಿಯನ್ನು ಹೊರುವ ಕಾಲು) ನೆಲದಲ್ಲಿ ಇರುವಾಗಲೇ ಟ್ರೈಲರ್ ಬ್ರೇಕ್ ಹಿಡಿದು, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡು. ಬಿಡಲಿಲ್ಲ ಅಂದರೆ ಲೆಗ್ ಎತ್ತು. ಪಕ್ಕದವನು ಹಾರ್ನ್ ಹೊಡೆದು ಅವಸರ ಮಾಡಿದರೆ ಕಾಯಲಿ ಬಿಡು.