ಓದುಗರ ಪ್ರಶ್ನೆಗೆ ಉತ್ತರ: ಕರೆ ಕೇಳಿಸಿದೆ, ಹೊರಡುವುದು ಹೇಗೆ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನಗೆ 38 ವರ್ಷ. ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಪತಿ, ಇಬ್ಬರು ಮಕ್ಕಳು, ಅತ್ತೆಯವರು ಇದ್ದಾರೆ. ದಿಕ್ಕಿಲ್ಲದ ವೃದ್ಧರಿಗೆ ಆಸರೆಯಾಗಲೆಂದೇ ದೇವರು ನನ್ನನ್ನು ಇಟ್ಟಿದ್ದಾನೆ ಎಂಬ ಭಾವನೆ ಬಹಳ ಕಾಲದಿಂದ ಮನಸ್ಸಿನಲ್ಲಿದೆ. ಒಂದು ವೃದ್ಧಾಶ್ರಮ ತೆರೆಯಬೇಕೆಂದು ಪ್ರಾರ್ಥಿಸುತ್ತಲೇ ಬಂದಿದ್ದೇನೆ. ‘ದೇವರ ಸಮಯಕ್ಕಾಗಿ ಕಾದಿರು’ ಎಂದು ನಮ್ಮ ಚರ್ಚಿನ ಸಭೆಯ ಹಿರಿಯರು ಹೇಳುತ್ತಾರೆ. ‘ನಂಬಿಕೆಯಿದ್ದರೆ ಕೆಲಸ ಬಿಟ್ಟು ಹೊರಡು’ ಎಂದು ಗೆಳತಿ ಹೇಳುತ್ತಾಳೆ. ಯಾರ ಮಾತು ಸರಿ?
– ಹೆಸರು ಬೇಡವೆಂದಿರುವ ಸಹೋದರಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ಇಬ್ಬರೂ ನಿಮ್ಮ ಹಿತ ಬಯಸಿಯೇ ಹೇಳಿದ್ದಾರೆ. ಆದರೆ ಹಿರಿಯರ ಮಾತಿನಂತೆ ನಡೆದರೆ ನೀವು ಕುಳಿತಲ್ಲೇ ಇರುತ್ತೀರಿ. ಗೆಳತಿಯ ಮಾತಿನಂತೆ ನಡೆದರೆ, ಸಂಬಳ ನಿಂತ ಮನೆಯನ್ನು ತೂಗಿಸುವುದರಲ್ಲೇ ನಿಮ್ಮ ಶಕ್ತಿಯೆಲ್ಲ ತೀರುತ್ತದೆ.

ಬೈಬಲಿನಲ್ಲಿ ನೆಹೆಮೀಯನ ಗ್ರಂಥದ ಮೊದಲ ಎರಡು ಅಧ್ಯಾಯಗಳನ್ನು ಬಿಡಿಸದೆ ಒಟ್ಟಿಗೆ ಓದಿ. ನೆಹೆಮೀಯನು ಪರ್ಷಿಯದ ಅರಸನ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆಯೆಂಬ ಸುದ್ದಿ ಅವನಿಗೆ ಮುಟ್ಟಿದ್ದು ಕಿಸ್ಲೇವ್ ಮಾಸದಲ್ಲಿ, ಅದನ್ನು ಮತ್ತೆ ಕಟ್ಟಲು ಹೋಗಬೇಕೆಂದು ಅರಸನಾದ ಅರ್ತಷಸ್ತನ ಮುಂದೆ ಅವನು ಬಾಯಿ ತೆರೆದದ್ದು ನೀಸಾನ್ ಮಾಸದಲ್ಲಿ. ನಡುವಿನ ಸುಮಾರು ನಾಲ್ಕು ತಿಂಗಳ ಉಪವಾಸ, ಪ್ರಾರ್ಥನೆಗಳ ಬಗ್ಗೆ ನಾವು ಬೇಕಾದಷ್ಟು ಪ್ರಸಂಗಗಳನ್ನು ಕೇಳಿದ್ದೇವೆ. ಅರಸನು ‘ನಿನಗೇನು ಬೇಕು’ ಎಂದು ಕೇಳಿದಾಗ ಅವನು ಕೊಟ್ಟ ಉತ್ತರವನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ. ಎಷ್ಟು ಕಾಲ ಬೇಕೆಂಬುದನ್ನು ಹೇಳಿದ, ನದಿಯಾಚೆಯ ಅಧಿಪತಿಗಳಿಗೆ ಪತ್ರ ಕೇಳಿದ, ತೊಲೆಗಳಿಗೆ ಮರ ಕೊಡಬೇಕೆಂದು ಅರಸನ ಅರಣ್ಯಪಾಲಕನಾದ ಆಸಾಫನಿಗೆ ಇನ್ನೊಂದು ಪತ್ರ ಕೇಳಿದ. ಮರ ಯಾರ ವಶದಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು! ಪ್ರಾರ್ಥಿಸುತ್ತಿದ್ದ ಕಾಲದಲ್ಲೇ ಅವನು ವಿಚಾರಿಸುತ್ತಲೂ ಲೆಕ್ಕ ಹಾಕುತ್ತಲೂ ಇದ್ದನೆಂದೇ ನಾನು ತಿಳಿಯುತ್ತೇನೆ. ಊರು ಮುಟ್ಟಿದ ಮೇಲೂ, ದೇವರು ಮನಸ್ಸಿನಲ್ಲಿ ಇಟ್ಟದ್ದನ್ನು ಯಾರಿಗೂ ಹೇಳದೆ, ರಾತ್ರಿಯ ಹೊತ್ತಿನಲ್ಲಿ ಕೆಲವೇ ಜನರೊಂದಿಗೆ ಹೋಗಿ ಗೋಡೆಯ ಸ್ಥಿತಿಯನ್ನು ಕಣ್ಣಾರೆ ನೋಡಿಬಂದ. ಗೋಡೆ 52 ದಿನಗಳಲ್ಲಿ ಮುಗಿಯಿತೆಂದು ಹೆಮ್ಮೆಯಿಂದ ಹೇಳುವ ನಾವು ಈ ತಿರುಗಾಟವನ್ನು ಮರೆಯುತ್ತೇವೆ.

ಇನ್ನು ನಿಮ್ಮ ವಿಚಾರ. ವೃದ್ಧಾಶ್ರಮವೆಂದರೆ ಕಟ್ಟಡ, ಟ್ರಸ್ಟಿನ ನೋಂದಣಿ, ರಾತ್ರಿ ಪಾಳಿಯವರು, ಹಾಸಿಗೆ ಹಿಡಿದವರ ಆರೈಕೆ. ಇವು ಇಂದು ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಕಾಗದಪತ್ರದ ತಿಳಿವಳಿಕೆ. ದೇವರು ಮೋಶೆಯನ್ನು ಕೇಳಿದ್ದೂ ಕೈಯಲ್ಲಿ ಏನಿದೆ ಎಂದೇ, ಆಗ ಇದ್ದದ್ದು ಒಂದು ಕೋಲು. ಸಂಧ್ಯಾ ಸುರಕ್ಷಾ ಹಣವೋ ವಿಧವಾ ವೇತನವೋ ನಿಂತುಹೋಗಿ, ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಕಾರಣಕ್ಕೆ ನಾಡಕಚೇರಿಗೂ ಬ್ಯಾಂಕಿಗೂ ಅಲೆಯುವ ಅಜ್ಜಿಯರು ನಿಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಜಗಲಿಯಲ್ಲಿ ಒಂದು ಮೇಜು ಹಾಕಿಸಿಕೊಂಡು, ಜಾತಿಮತ ಕೇಳದೆ, ಒಂದು ಗಂಟೆ ಅವರ ಕಾಗದಗಳನ್ನು ನೋಡಿ. ಯಾರ ಅರ್ಜಿ ಯಾವ ಕಚೇರಿಯಲ್ಲಿ, ಯಾವ ಕಾರಣಕ್ಕೆ ನಿಂತಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೊತೆಗೆ, ಈಗಾಗಲೇ ನಡೆಯುತ್ತಿರುವ ವೃದ್ಧಾಶ್ರಮವೊಂದಕ್ಕೆ ರಜೆಯ ದಿನಗಳಲ್ಲಿ ಹೋಗಿ ದುಡಿಯಿರಿ. ಅಲ್ಲಿಯ ವಾಸನೆ, ಸಿಡುಕು, ಸಾವು, ತಿಂಗಳ ಕೊನೆಯ ದಿನಸಿ ಬಾಕಿ ಎಲ್ಲವನ್ನೂ ಕಂಡ ಮೇಲೂ ಆಸೆ ಉಳಿದಿದ್ದರೆ, ಆಗ ಪತಿಯೊಂದಿಗೆ ಕುಳಿತು ರಾಜೀನಾಮೆಯ ಮಾತು ಆಡಬಹುದು. ಅತ್ತೆಯವರ ಆರೈಕೆ ಈ ಕರೆಯ ಹೊರಗಿನದೆಂದು ದಯವಿಟ್ಟು ಎಣಿಸಬೇಡಿ. ಮನೆಯ ಮುದುಕಿಯನ್ನು ಒಂಟಿಯಾಗಿ ಬಿಟ್ಟು ಸೇವೆಗೆ ಹೊರಟವರನ್ನು ನಾನು ಕಂಡಿದ್ದೇನೆ, ಮೆಚ್ಚಿಲ್ಲ.

ನಮ್ಮ ಕಡೆಯಿಂದ ಎಷ್ಟೋ ರೋಗಿಗಳು ಹೋಗಿಬರುವ ವೆಲ್ಲೂರಿನ ಆಸ್ಪತ್ರೆಯನ್ನು ಸ್ಥಾಪಿಸಿದ ಐಡಾ ಸ್ಕಡರ್ ಅವರಿಗೆ ಮಿಷನರಿಯಾಗುವ ಇಷ್ಟವೇ ಇರಲಿಲ್ಲ. ಒಂದೇ ರಾತ್ರಿ ಮೂವರು ಗಂಡಸರು ಬಂದು ತಮ್ಮ ಹೆಂಡಂದಿರ ಹೆರಿಗೆಗೆ ಕರೆದರು. ವೈದ್ಯರಾಗಿದ್ದ ಐಡಾರ ತಂದೆ ಗಂಡಸೆಂಬ ಕಾರಣಕ್ಕೆ ಅವರನ್ನು ಒಪ್ಪಲಿಲ್ಲ. ಮೂವರು ಹೆಂಗಸರೂ ತೀರಿಕೊಂಡರು. ಮರುದಿನವೇ ಐಡಾ ಆಸ್ಪತ್ರೆ ಕಟ್ಟಲು ಹೊರಡಲಿಲ್ಲ. ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿ, 1899ರಲ್ಲಿ ಪದವಿ ಪಡೆದು ಮರಳಿದರು. 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ, 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ. ಮಹಿಳೆಯರ ವೈದ್ಯಕೀಯ ಶಾಲೆ ಆರಂಭವಾಗಲು 1918ರವರೆಗೆ ಕಾಯಬೇಕಾಯಿತು.

ಪ್ರಶ್ನೆ: ಪ್ರಾಯದಲ್ಲಿ ದೇವರ ಕರೆ ಕೇಳಿಸಿತ್ತು, ಸಂಸಾರದ ಭಾರದಲ್ಲಿ ಕೈಬಿಟ್ಟೆ. ಈಗ ನಿವೃತ್ತ ಶಿಕ್ಷಕ, ವಯಸ್ಸು 66. ಕಾಲ ಮೀರಿಹೋಯಿತೇ?
– ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಸುಲಭದ ಸಮಾಧಾನ ಹೇಳಲಾರೆ, ಗುರುಗಳೇ. ಇಂಥ ಪ್ರಶ್ನೆಗೆ ಫರ್ಡಿನಾಂಡ್ ಕಿಟ್ಟೆಲ್ ಅವರ ಉದಾಹರಣೆ ಕೊಡುವುದುಂಟು: ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಅವರಿಗೆ 60 ದಾಟಿದ ಮೇಲೆ, ವ್ಯಾಕರಣ ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ. ಆದರೆ ಅವರು ಬಾಸೆಲ್ ಮಿಷನ್ನಿನಿಂದ ಈ ನಾಡಿಗೆ ಬಂದದ್ದು 1853ರಲ್ಲಿ ಎಂಬುದನ್ನೂ ಹೇಳಬೇಕಲ್ಲವೇ? ಅಷ್ಟು ವರ್ಷ ಬೇಡುವ ಕೆಲಸಕ್ಕೆ ನೀವು ಈಗ ಕೈಹಾಕಲಾಗದು. ಐದನೆಯ ತರಗತಿಗೆ ಬಂದರೂ ಕಾಗುಣಿತ ಕೂಡಿಸಿ ಓದಲಾರದ ನಾಲ್ಕು ಮಕ್ಕಳನ್ನು ಸಂಜೆ ಮನೆಗೆ ಕರೆದು ಕೂರಿಸಿಕೊಳ್ಳುವುದು ಖಂಡಿತ ಆಗುತ್ತದೆ. ಅದಕ್ಕೆ ಬೇಕಾದ ವಿದ್ಯೆಯನ್ನು ನೀವು ಆಗಲೇ ಗಳಿಸಿದ್ದೀರಿ.

ಪ್ರಶ್ನೆ: ದೇವರ ಚಿತ್ತವೆಂದು ನಂಬಿ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳಲು ಆರಂಭಿಸಿದ್ದೆ. ಶೆಡ್ಡುಗಳನ್ನೇ ತೆಗೆದರು, ಮಕ್ಕಳು ಹೊರಟುಹೋದರು. ಹಾಗಾದರೆ ಅದು ದೇವರ ಚಿತ್ತವಾಗಿರಲಿಲ್ಲವೇ?
– ಯುವ ಓದುಗ, ಬೆಂಗಳೂರು

ಉತ್ತರ: ತಮ್ಮಾ, ಬೈಬಲಿನ ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ, ಸುವಾರ್ತೆ ಸಾರುತ್ತಾ ಊರೂರು ತಿರುಗುತ್ತಿದ್ದ ಪೌಲನು ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸುತ್ತಾನೆ, ಅಲ್ಲಿ ತಡೆಯಾಗುತ್ತದೆ. ಅವನು ಮನೆಗೆ ಮರಳದೆ ತ್ರೋವಕ್ಕೆ ಇಳಿದುಬರುತ್ತಾನೆ. ‘ಮಕೆದೋನ್ಯಕ್ಕೆ ಬಂದು ನಮಗೆ ನೆರವಾಗು’ ಎಂದು ಒಬ್ಬನು ಬೇಡಿಕೊಳ್ಳುವ ದರ್ಶನವಾದದ್ದು ಅಲ್ಲಿ. ಒಂದು ಊರಿನ ಬಾಗಿಲು ಮುಚ್ಚಿದ್ದರಿಂದ ಅವನನ್ನು ಕಳುಹಿಸಿದ್ದೇ ಸುಳ್ಳಾಗಲಿಲ್ಲ. ಕಟ್ಟಡ ಮುಗಿದಾಗ ಶೆಡ್ಡು ಎತ್ತುವುದು ಆ ಕೆಲಸದ ರೀತಿಯೇ ಆಗಿದೆ. ಆ ಕುಟುಂಬಗಳು ಮುಂದೆ ಯಾವ ಸೈಟಿಗೆ ಹೋದವೆಂದು ಮೇಸ್ತ್ರಿಯನ್ನು ಕೇಳಿ. ಸ್ಥಳ ತಿಳಿದರೆ ನನಗೆ ಬರೆಯಿರಿ. ಅಲ್ಲಿಗೆ ಹತ್ತಿರದ ಸಭೆಯವರೊಂದಿಗೆ ಮಾತನಾಡುತ್ತೇನೆ.