ಹಳೇ ಕಾರಿನ ಹೆಡ್‌ಲೈಟ್ ತುಂಬಾ ಡಿಮ್ ಇದೆ, 100 ವ್ಯಾಟ್ ಬಲ್ಬ್ ಹಾಕಿಸ್ಲಾ, ಎಲ್‌ಇಡಿ ಹಾಕಿಸ್ಲಾ?

ಎರಡೂ ಬೇಡ ಸರ್, ದಯವಿಟ್ಟು ಹಾಕಿಸ್ಬೇಡಿ. ಇದೇ ಪ್ರಶ್ನೆ ಇಟ್ಕೊಂಡು ಆರು ವರ್ಷದ ಹಿಂದೆ ನಾನೂ ಒಂದು ಅಂಗಡಿ ಮುಂದೆ ಗಾಡಿ ನಿಲ್ಸಿದ್ದೆ.

ನಮ್ದು ಚಿಂತಾಮಣಿ ಹತ್ರ ಹಳ್ಳಿ, ರೇಷ್ಮೆ ಬೆಳೀತೀವಿ. ಗೂಡು ಬಿಡಿಸಿದ ಮೇಲೆ ಬೆಳಗಿನ ಜಾವ ನಾಲ್ಕಕ್ಕೆಲ್ಲ ಶಿಡ್ಲಘಟ್ಟ ಮಾರ್ಕೆಟ್‌ಗೆ ಹೊರಡ್ಬೇಕು. ಅಪ್ಪ ತಗೊಂಡಿದ್ದ 2002ರ ಕಾರು, ಹಿಂದಿನ ಸೀಟು ಮಡಚಿದ್ರೆ ಮೂಟೆಗಳು ಆರಾಮಾಗಿ ಹಿಡಿಸ್ತವೆ, ಇಂಜಿನ್ನೂ ಗಟ್ಟಿ, ಆದ್ರೆ ಲೈಟು ಮಾತ್ರ ಬುಡ್ಡಿ ದೀಪ. ಎದುರಿಗೆ ಲಾರಿ ಬಂತು ಅಂದ್ರೆ ರಸ್ತೆ ಅಂಚು ಎಲ್ಲಿ, ಹುಣಸೆ ಮರ ಎಲ್ಲಿ, ಏನೂ ಕಾಣ್ತಿರ್ಲಿಲ್ಲ.

ಅಂಗಡಿಯವ್ರು 100/90 ಬಲ್ಬ್ (ಹೈ ಬೀಮ್‌ಗೆ 100 ವ್ಯಾಟ್, ಲೋ ಬೀಮ್‌ಗೆ 90) ಹಾಕಿ ಕೊಟ್ರು. ನಾನೂ ಖುಷಿಯಾಗಿ ಬಂದೆ. ನಾನು ಮಾಡಿದ ತಪ್ಪು ಇದೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಗಾಡಿ ಜೊತೆ ಬಂದಿದ್ದು ಎಚ್4 ಬಲ್ಬ್, 60/55 ವ್ಯಾಟ್. 60 ವ್ಯಾಟ್ ಅಂದ್ರೆ 12 ವೋಲ್ಟ್‌ಗೆ 5 ಆಂಪ್, ಎರಡು ಬಲ್ಬ್ ಸೇರಿ 10. ಅದೇ 100 ವ್ಯಾಟ್ ಹಾಕಿದ್ರೆ 16 ದಾಟುತ್ತೆ. ವೈರು ಮಾತ್ರ ಅದೇ ಹಳೇ ಸಣ್ಣ ವೈರು, ಸ್ಟೇರಿಂಗ್ ಪಕ್ಕದ ಅದೇ ಸ್ವಿಚ್ಚು, ಬಲ್ಬ್ ಹಿಂದಿನ ಅದೇ ಪ್ಲಾಸ್ಟಿಕ್ ಹೋಲ್ಡರ್ರು. ನಮ್ ಗಾಡೀಲಿ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿಂದ ಲೈಟಿನ ದೊಡ್ಡ ಕರೆಂಟ್ ಆನ್ ಮಾಡೋ ಡಬ್ಬಿ) ಇರ್ಲಿಲ್ಲ, ಲೈಟಿನ ಕರೆಂಟ್ ಪೂರ್ತಿ ಆ ಸ್ವಿಚ್ ಮೇಲೇ ಹಾದು ಹೋಗೋದು. ಇಪ್ಪತ್ತು ವರ್ಷಕ್ಕೆ ಜಾಯಿಂಟ್ ಎಲ್ಲ ಕಿಲುಬು ಹಿಡಿದು ಮೊದಲೇ ಬಿಸಿಯಾಗ್ತಿರುತ್ತೆ, ಕರೆಂಟ್ ಒಂದೂವರೆ ಪಟ್ಟು ಆದ್ರೆ ಆ ಬಿಸಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತೆ. ಪೈಪು ಕಟ್ಕೊಂಡಿದೆ ಅಂತ ದೊಡ್ಡ ಮೋಟ್ರು ಇಳಿಸಿದ ಹಾಗೆ.

ಒಂದು ತಿಂಗಳು ಚೆನ್ನಾಗೇ ಇತ್ತು. ಡಿಸೆಂಬರ್‌ನಲ್ಲಿ ಮಂಜು ಮುಸುಕಿದ್ದ ಒಂದು ಬೆಳಗ್ಗೆ ಕೆರೆ ಏರಿ ಮೇಲೆ ಹೋಗ್ತಿದ್ದಾಗ ಸುಟ್ಟ ವಾಸನೆ ಬಂತು, ಅಪ್ಪ "ಏನೋ ಸುಡ್ತಾ ಇದೆ ನೋಡೋ" ಅನ್ನೋಷ್ಟರಲ್ಲಿ ಎರಡೂ ಲೈಟ್ ಆಫ್. ಒಂದ್ಕಡೆ ನೀರು, ಇನ್ನೊಂದ್ಕಡೆ ಹಳ್ಳ. ಅಪ್ಪ ಇಳಿದು ಫೋನ್ ಟಾರ್ಚ್ ಹಿಡ್ಕೊಂಡು ಮುಂದೆ ನಡೆದ್ರು, ನಾನು ಅವ್ರ ಹಿಂದೆ ಫಸ್ಟ್ ಗೇರಲ್ಲಿ ಏರಿ ದಾಟಿಸ್ದೆ. ಬಾನೆಟ್ ತೆಗೆದು ನೋಡಿದ್ರೆ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಪಿನ್ನು ಅದರೊಳಗೇ ಹೂತೋಗಿತ್ತು, ಒಳಗೆ ಸ್ವಿಚ್ಚೂ ಸುಟ್ಟಿತ್ತು. ಬೆಳಕು ಹರಿಯೋವರೆಗೂ ಅಲ್ಲೇ. ಮುಚ್ಚಿದ ಗಾಡೀಲಿ ಗೂಡು ಬೆವೆತು ಕೇಜಿಗೆ ಮೂವತ್ತು ರೂಪಾಯಿ ಕಮ್ಮಿಗೆ ಹೋಯ್ತು. ದುಡ್ಡಿಗಿಂತ ಆ ಮಂಜಲ್ಲಿ ಅಪ್ಪ ಮುಂದೆ ನಡೀತಿದ್ದಿದ್ದು ಇವತ್ತಿಗೂ ಕಣ್ಮುಂದೆ ಇದೆ.

ಆಮೇಲೆ ಒಬ್ರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಸಿಕ್ರು. ಹೊಸ ಸ್ವಿಚ್ಚು, ಹಳೇ 60/55 ಬಲ್ಬು ಹಾಕಿ, ಇಂಜಿನ್ ಓಡಿಸಿ, ಲೈಟ್ ಹಾಕಿ ಮೀಟರ್ ಇಟ್ರು. ಬ್ಯಾಟ್ರಿ ಹತ್ರ 13.9 ವೋಲ್ಟ್, ಬಲ್ಬ್ ಹಿಂದೆ 10.8. ಮೂರು ವೋಲ್ಟ್ ದಾರೀಲೇ ಮಾಯ! ಇಂಥ ಹ್ಯಾಲೋಜನ್ ಬಲ್ಬ್‌ಗೆ ವೋಲ್ಟೇಜ್ 10 ಪರ್ಸೆಂಟ್ ಇಳಿದ್ರೆ ಬೆಳಕು ಹೆಚ್ಚುಕಮ್ಮಿ 30 ಪರ್ಸೆಂಟ್ ಹೋಗುತ್ತೆ, ನಮ್ದು 20ಕ್ಕಿಂತ ಜಾಸ್ತಿ ಇಳಿದಿತ್ತು. ಎರಡು ರಿಲೇ, ಬ್ಯಾಟ್ರಿ ಪಕ್ಕದಲ್ಲೇ ಫ್ಯೂಸು, ದಪ್ಪ ವೈರು, ಸೆರಾಮಿಕ್ ಹೋಲ್ಡರ್ ಹಾಕಿ, ವೈರನ್ನ ಗಾಡಿ ಬಾಡಿಗೆ ಸೇರಿಸೋ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿದ್ರು. ಬಲ್ಬ್ ಹತ್ರ 13.5 ಬಂತು. ಅದೇ 60/55 ಬಲ್ಬಲ್ಲಿ ಬಿಳೀ ಬೆಳಕು!

ಅದಕ್ಕೇ ಹೇಳ್ತಿರೋದು, ಯಾವ ಬಲ್ಬ್ ಅನ್ನೋ ಪ್ರಶ್ನೆನೇ ಬಿಡಿ, ಮೊದಲು ಹೀಗೇ ಇಂಜಿನ್ ಓಡಿಸಿ, ಲೈಟ್ ಹಾಕಿ, ಬ್ಯಾಟ್ರಿ ಹತ್ರ, ಬಲ್ಬ್ ಹಿಂದೆ, ಈ ಎರಡು ಕಡೆ ವೋಲ್ಟೇಜ್ ಅಳೀರಿ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ರೆ ವೈರಿಂಗ್ ಸರಿ ಇದೆ, ಆಗ ರಿಫ್ಲೆಕ್ಟರ್ ಬೆಳ್ಳಿ ಬಣ್ಣ ಹೋಗಿದ್ಯಾ, ಮುಂದಿನ ಪ್ಲಾಸ್ಟಿಕ್ ಹಳದಿ ಆಗಿದ್ಯಾ ನೋಡಿ. ಬ್ಯಾಟ್ರಿ ಹತ್ರಾನೇ 13ಕ್ಕಿಂತ ಕಮ್ಮಿ ಇದ್ರೆ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಚೆಕ್ ಮಾಡ್ಸಿ. ರಿಲೇ ಕೆಲಸ ತಿಳಿದೋರ ಕೈಲೇ ಮಾಡ್ಸಿ, ಕೆಲವು ಗಾಡೀಲಿ ಸ್ವಿಚ್ಚು ಅರ್ತ್ ಕಡೆ ಇರುತ್ತೆ, ಅದು ಗೊತ್ತಿಲ್ದೆ ವೈರ್ ಕೊಟ್ರೆ ಕೆಲಸ ಮಾಡಲ್ಲ. ಎಲ್‌ಇಡಿ ಅಂತೂ ಬೇಡ್ವೇ ಬೇಡ, ಆ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಕೂರೋ ಜಾಗದ ಲೆಕ್ಕಕ್ಕೆ, ಬೆಳಕು ಚೆದುರಿ ಎದುರಿಂದ ಬರೋನ ಕಣ್ಣಿಗೆ ಹೊಡೆಯುತ್ತೆ, ಪಾಪ ಅವನೂ ಯಾವ್ದೋ ಏರಿ ಮೇಲೇ ಬರ್ತಿರ್ತಾನೆ.

ಅಳೆದ ಮೇಲೆ ಎರಡೂ ರೀಡಿಂಗ್ ಹಾಕಿ, ಯಾವ ವರ್ಷದ ಗಾಡಿ ಅಂತಾನೂ ಬರೀರಿ, ನೋಡಿ ಹೇಳ್ತೀನಿ.